ಗಲ್ಲಾದ ಈಚೆಯಿಂದ

ತಮ್ಮಾ, ವೆಬ್‌ಸೈಟ್ ಕಟ್ಟುವ ಕೆಲಸ ನಿನಗೆ ಚೆನ್ನಾಗಿ ಬರುತ್ತದೆ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನೀನು ಕೇಳಿದ್ದು ಬೇರೆ. ದಾವಣಗೆರೆ, ಹರಿಹರ, ಚನ್ನಗಿರಿಯಂಥ ಊರುಗಳ ಸಣ್ಣ ವ್ಯಾಪಾರಿಗಳ ಬಾಗಿಲು ತಟ್ಟಿ ತಟ್ಟಿ ಸಾಕಾಗಿದೆ, ಅವರು ದಿನಾ ಹೋಗಿ ಬರುವ ಬೇರೆ ಅಂಗಡಿಗಳ ಮೂಲಕವೇ ಮಾರಿದರೆ ಹೇಗೆ ಎಂದೆ. ಇದಕ್ಕೆ ಉತ್ತರ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ. ಆಯುಷ್ಯದ ಬಹುಪಾಲನ್ನು ಚೌಕಿಪೇಟೆಯಲ್ಲಿ ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಲಗ್ನಪತ್ರಿಕೆ ಅಚ್ಚು ಹಾಕಿಸಿಕೊಡುತ್ತ ಗಲ್ಲಾದ ಹಿಂದೆ ಕೂತೇ ಕಳೆದವನು ನಾನು. "ನಿಮ್ಮ ಗಿರಾಕಿಗಳಿಗೆ ನಮ್ಮದೊಂದು ಮಾತು ಹೇಳ್ರಿ ಸಾವ್ಕಾರ್ರೇ, ನಿಮಗೂ ಏನಾರ ಸಿಗ್ತದೆ" ಎಂದು ಬಂದವರು ಎಷ್ಟು ಜನ! ವಿಮೆಯವರು, ಸಿಸಿ ಕ್ಯಾಮೆರಾದವರು, ಯುಪಿಎಸ್ ಬ್ಯಾಟರಿಯವರು, ಕಾರ್ಡು ಉಜ್ಜುವ ಮಷಿನ್ನಿನವರು, ಆಮೇಲೆ ಕ್ಯೂಆರ್ ಕೋಡಿನವರು. ಕೆಲವರಿಗೆ ಹೂಂ ಅಂದೆ, ಬಹಳ ಮಂದಿಗೆ ಚಹಾ ಕುಡಿಸಿ ಕಳಿಸಿದೆ. ಯಾರಿಗೆ ಯಾಕೆ ಹಾಗೆ ಮಾಡಿದೆ ಎಂಬುದನ್ನು ಹೇಳುತ್ತೇನೆ, ಬೇಕಾದ್ದನ್ನು ಆರಿಸಿಕೋ.

ಕಮಿಷನ್ ಎಷ್ಟು ಕೊಡಲಿ ಎಂಬುದು ನಿನ್ನ ಮೊದಲ ಪ್ರಶ್ನೆ. ಅಂಗಡಿಯವನ ತಲೆಯಲ್ಲಿ ಅದು ಮೂರನೆಯದೋ ನಾಲ್ಕನೆಯದೋ. ಅವನು ಮೊದಲು ನೋಡುವುದು ನಾಳೆ ತನ್ನ ಗಿರಾಕಿ ಬಂದು ಗಲ್ಲಾದ ಮುಂದೆ ನಿಂತು ಏನನ್ನುತ್ತಾನೆ ಎಂದು. ಒಬ್ಬ ಕಾಳಿನ ವ್ಯಾಪಾರಿ ಅಪ್ಪನ ಕಾಲದಿಂದ ನನ್ನಲ್ಲೇ ಬಿಲ್ ಬುಕ್ ಹಾಕಿಸುತ್ತಾನೆ, ಮಗಳ ಮದುವೆಯ ಪತ್ರಿಕೆಯನ್ನೂ ನನ್ನಲ್ಲೇ ಮಾಡಿಸಿದ್ದಾನೆ ಅಂತಿಟ್ಟುಕೋ. ನಿನ್ನ ಮಾತು ಕೇಳಿ ಅವನಿಗೆ ವೆಬ್‌ಸೈಟ್ ಮಾಡಿಸಿಕೊಳ್ಳಿ ಅಂದೆ. ಎರಡು ತಿಂಗಳಾದರೂ ಅದು ತಯಾರಾಗಲಿಲ್ಲ, ನೀನು ಫೋನ್ ಎತ್ತಲಿಲ್ಲ. ಅವನು ನಿನ್ನನ್ನು ಹುಡುಕಿಕೊಂಡು ಹೋಗುತ್ತಾನೆಯೇ? ನಿನ್ನ ಮನೆ ಯಾವ ಬಡಾವಣೆಯಲ್ಲಿದೆ ಅಂತಲೂ ಅವನಿಗೆ ಗೊತ್ತಿಲ್ಲ. ನನ್ನ ಅಂಗಡಿಗೆ ಬಂದು ನಾಲ್ಕು ಜನರ ಮುಂದೆ, "ನೀವು ಹೇಳಿದ್ರಲ್ಲಾ ಅಂತ ಮಾಡ್ಸಿದೆ ನೋಡ್ರಿ" ಅನ್ನುತ್ತಾನೆ. ಜಗಳವಾಡುವುದಿಲ್ಲ, ಅಷ್ಟೇ ಅನ್ನುತ್ತಾನೆ. ಹೆಣ್ಣು ತೋರಿಸಿ ಮದುವೆ ಮಾಡಿಸಿದವನ ಪಾಡು ಇದು: ಊಟದ ದಿನ ಮರೆತರೂ ಜಗಳದ ದಿನ ನೆನೆಸಿಕೊಳ್ಳುತ್ತಾರೆ. ಎರಡು ಸಾವಿರ ರೂಪಾಯಿಯ ಆಸೆಗೆ ಎರಡು ತಲೆಮಾರಿನ ಗಿರಾಕಿಯನ್ನು ಪಣಕ್ಕಿಡಲು ಯಾವ ಅಂಗಡಿಯವನೂ ತಯಾರಿಲ್ಲ. ಆದ್ದರಿಂದ ನೀನು ಮಾಡುವ ಏರ್ಪಾಡೆಲ್ಲ, ಬೆಲೆಯಿಂದ ಹಿಡಿದು ಫೋನ್ ನಂಬರಿನವರೆಗೆ, ಆ ಒಂದು ವಾಕ್ಯ ಅವನ ಕಿವಿಗೆ ಬೀಳದಂತೆ ಇರಬೇಕು.

ಇನ್ನು ಎಂಥ ಅಂಗಡಿ ಹಿಡಿಯಬೇಕು? ಮೊಬೈಲ್ ಅಂಗಡಿಗಳು ಊರಿನ ತುಂಬ ಇವೆ, ಜನಜಂಗುಳಿಯೂ ಅಲ್ಲೇ ಇದೆ ಎಂದು ನೀನು ಮೊದಲು ಅಲ್ಲಿಗೆ ಹೋಗಿದ್ದೆ. ಅಲ್ಲಿ ಬರುವವರು ರೀಚಾರ್ಜಿಗೆ, ಗಾಜು ಅಂಟಿಸಿಕೊಳ್ಳಲಿಕ್ಕೆ ಬರುತ್ತಾರೆ. ಅವರಲ್ಲಿ ವ್ಯಾಪಾರಸ್ಥ ಯಾರು, ಕಾಲೇಜು ಹುಡುಗ ಯಾರು ಎಂದು ಅಂಗಡಿಯವನಿಗೇ ಗೊತ್ತಿರುವುದಿಲ್ಲ. ನಿನಗೆ ಬೇಕಾದದ್ದು ವ್ಯಾಪಾರಸ್ಥರು ವ್ಯಾಪಾರದ ಕೆಲಸಕ್ಕೇ ಬರುವ ಅಂಗಡಿ. ಪ್ರಿಂಟಿಂಗ್ ಪ್ರೆಸ್ಸು, ಬೋರ್ಡು ಮತ್ತು ಫ್ಲೆಕ್ಸ್ ಮಾಡುವವರು, ಬಿಲ್ಲಿಂಗ್ ಕಂಪ್ಯೂಟರ್ ಮಾರುವವರು. ಸಿಎಗಳ ಹತ್ತಿರವೂ ವ್ಯಾಪಾರಸ್ಥರೇ ಬರುತ್ತಾರೆ ನಿಜ, ಆದರೆ ಅವರ ವೃತ್ತಿಗೆ ಅದರದೇ ಕಟ್ಟುಪಾಡುಗಳಿವೆ. ಅಲ್ಲಿ ಕಮಿಷನ್ನಿನ ಮಾತೆತ್ತಬೇಡ, ನಿನ್ನ ಕಾರ್ಡು ಕೊಟ್ಟು ನಮಸ್ಕಾರ ಹೇಳಿ ಬಾ. ದೊಡ್ಡ ಶೋರೂಮ್ ಸರಣಿಗಳ ತಂಟೆಗೆ ಈಗಲೇ ಹೋಗಬೇಡ. ಅಲ್ಲಿ ಮ್ಯಾನೇಜರ್ ವರ್ಷಕ್ಕೊಬ್ಬ ಬದಲಾಗುತ್ತಾನೆ, ಹಳೆಯವನು ಕೊಟ್ಟ ಮಾತು ಹೊಸಬನಿಗೆ ಗೊತ್ತಿರುವುದಿಲ್ಲ.

ಪ್ರೆಸ್ಸಿನವನ ಮತ್ತು ಬೋರ್ಡಿನವನ ಹತ್ತಿರ ನಿನ್ನಲ್ಲಿಲ್ಲದ ಒಂದು ವಸ್ತು ಇದೆ. ಯಾವ ವ್ಯಾಪಾರಿ ಯಾವಾಗ ಕೈ ಬಿಚ್ಚುತ್ತಾನೆ ಎಂಬುದು ಅವರಿಗೆ ಗೊತ್ತು. ಹೊಸ ಅಂಗಡಿ ತೆರೆಯುವವನು ಪೂಜೆಗೆ ಹದಿನೈದು ದಿನ ಮುಂಚೆ ಆಮಂತ್ರಣ ಪತ್ರಿಕೆಗೆ ಅವರಲ್ಲಿಗೆ ಬಂದಿರುತ್ತಾನೆ. ಫೋನ್ ನಂಬರ್ ಬದಲಾಯಿಸಿದವನು, ಪಾಲುದಾರಿಕೆ ಮುರಿದವನು, ಎರಡನೇ ಶಾಖೆ ತೆರೆಯುವವನು, ಎಂಜಿನಿಯರಿಂಗ್ ಮುಗಿಸಿ ಬಂದು ಅಪ್ಪನ ಅಂಗಡಿಯಲ್ಲಿ ಕೂತ ಮಗ, ಎಲ್ಲರೂ ಮೊದಲು ಬರುವುದು ಹೊಸ ಕಾರ್ಡಿಗೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಹಳೆಯ ಟಿನ್ ನಂಬರಿನ ಬಿಲ್ ಬುಕ್ಕುಗಳೆಲ್ಲ ರದ್ದಿಯಾದವು. ಎಲ್ಲ ಪೇಟೆಯವರೂ ಒಟ್ಟಿಗೆ ಪ್ರೆಸ್ಸಿಗೆ ನುಗ್ಗಿದರು, ರಾತ್ರಿಯೆಲ್ಲ ಮಷಿನ್ ಓಡಿತು. 2024ರ ಆರಂಭದಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಎಂಬ ಕಾನೂನು ಬಿಗಿಯಾದಾಗ ಬೋರ್ಡಿನವರದೂ ಅದೇ ಗತಿ. ಅಂಥ ಹೊತ್ತಿನಲ್ಲಿ ವ್ಯಾಪಾರಿಯ ಮನಸ್ಸು ಹೇಗಿರುತ್ತದೆ ಗೊತ್ತೇ? "ಹೆಂಗೂ ಖರ್ಚು ಬಂದೈತಿ, ಎಲ್ಲಾ ಒಂದೇ ಸಲ ಮುಗಿಸಿಬಿಡು" ಅನ್ನುವ ಸ್ಥಿತಿ. ಆಗ ಗಲ್ಲಾದ ಈಚೆಯಿಂದ ಒಂದು ಮಾತು ಬಿದ್ದರೆ ಕೆಲಸ ಆಗುತ್ತದೆ. ಅದೇ ಮಾತನ್ನು ನೀನು ಯಾವುದೋ ಮಂಗಳವಾರ ಬೆಳಿಗ್ಗೆ ಬೋಣಿಗೆಯೂ ಆಗದ ಹೊತ್ತಿನಲ್ಲಿ ಹೋಗಿ ಹೇಳಿದರೆ ಬೈಸಿಕೊಂಡು ಬರುತ್ತೀ.

ಈ ದಾರಿ ಹೊಸದೇನಲ್ಲ. ಬೆಂಗಳೂರಿನ ಟ್ಯಾಲಿ ಕಂಪನಿಯನ್ನೇ ನೋಡು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರು ಮಾಡಿದ್ದು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಲೆಕ್ಕಪತ್ರದ ಸಾಫ್ಟ್‌ವೇರ್ ಎಂದರೆ ಏನೆಂದೇ ಗೊತ್ತಿಲ್ಲದ ಮಂಡಿಗಳಿಗೆ ಅದು ತಲುಪಿದ್ದು ಊರೂರಿನ ಪಾರ್ಟ್‌ನರ್‌ಗಳ ಮೂಲಕ. ವ್ಯಾಪಾರಿಗೆ ಕಂಪನಿಯ ಹೆಸರಿಗಿಂತ "ನಮ್ಮ ಟ್ಯಾಲಿ ಹುಡುಗ" ಮುಖ್ಯ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಬೈಕು ಹತ್ತಿ ಬರುವವನು ಅವನೇ. ವರ್ಷಕ್ಕೊಮ್ಮೆ ನವೀಕರಣ ಎನ್ನುವ ಪದ್ಧತಿಯೂ ಅದಕ್ಕಿದೆ. ನಿನ್ನ ಸರಕು ಅದಕ್ಕಿಂತ ಚಿಕ್ಕದು, ಆದರೆ ಎತ್ತಿಕೊಳ್ಳಬೇಕಾದ ಎರಡು ಸಂಗತಿ ಅಲ್ಲಿವೆ: ಊರಲ್ಲೇ ಒಬ್ಬ ಮನುಷ್ಯ, ವರ್ಷವರ್ಷ ಬರುವ ಒಂದು ಸಣ್ಣ ಹಣ.

ಹಣದ ಮಾತಿಗೇ ಬರೋಣ. ಒಂದು ವೆಬ್‌ಸೈಟಿಗೆ 15,000 ರೂಪಾಯಿ ಇಟ್ಟುಕೊಂಡೆಯಾ, ಅದರಲ್ಲಿ ಶೇ 20 ಎಂದರೆ 3,000 ಅಂಗಡಿಯವನಿಗೆ. ಅಷ್ಟು ಕೊಡು, ಕಡಿಮೆ ಮಾಡಬೇಡ. ಆದರೆ ಅವನನ್ನು ನಿನ್ನ ಜೊತೆ ಉಳಿಸುವುದು ಅದಲ್ಲ. ವರ್ಷದ ನಿರ್ವಹಣೆಗೆ ನೀನು ಗಿರಾಕಿಯಿಂದ 3,000 ತೆಗೆದುಕೊಳ್ಳುತ್ತೀಯಲ್ಲ, ಅದರಲ್ಲಿ 500 ರೂಪಾಯಿ ಪ್ರತಿ ವರ್ಷ ಅಂಗಡಿಯವನ ಪಾಲು ಎಂದು ಬರೆದುಕೊಡು. ನಲವತ್ತು ಗಿರಾಕಿಗಳಾದಾಗ ಏನೂ ಮಾಡದೆ ವರ್ಷಕ್ಕೆ 20,000 ಬಂತು. ಆಗ ನೋಡು, "ಅಣ್ಣಾ, ನಿಮ್ಮ ವೆಬ್‌ಸೈಟಿನ ತಾರೀಕು ಬಂತು" ಎಂದು ನೆನಪಿಸುವವನು ಅವನೇ ಆಗುತ್ತಾನೆ. ಒಂದೇ ಸಲ ಕೈತುಂಬ ಕೊಟ್ಟು ಮರೆತರೆ, ಮಾರಿದ ಮರುದಿನ ಅವನೂ ಮರೆಯುತ್ತಾನೆ.

ಕಮಿಷನ್ ಕೊಡುವುದಕ್ಕೆ ಒಂದು ತಾರೀಕು ಇಟ್ಟುಕೋ. ತಿಂಗಳ ಐದು ಅಂದರೆ ಐದು. ಅವನು ಕೇಳುವ ಮುಂಚೆ ಯುಪಿಐನಲ್ಲಿ ಹೋಗಿರಲಿ, ಯಾವ ಗಿರಾಕಿಯದು ಎಷ್ಟು ಎಂಬ ಚೀಟಿ ವಾಟ್ಸ್ಆ್ಯಪ್‌ನಲ್ಲಿ ಹೋಗಿರಲಿ. ಪೇಟೆಯಲ್ಲಿ ಹಣ ಕೇಳಿ ತೆಗೆದುಕೊಳ್ಳುವುದು ಎಲ್ಲರಿಗೂ ಮುಜುಗರ. ಕೇಳಿಸಿಕೊಳ್ಳದೆ ಕೊಟ್ಟವನ ಸುದ್ದಿ ಪಕ್ಕದ ಅಂಗಡಿಗೆ ಅದೇ ಸಂಜೆ ಮುಟ್ಟುತ್ತದೆ.

ಬಿಲ್ ಯಾರು ಹಾಕಬೇಕು ಎಂಬುದನ್ನು ಮೊದಲ ದಿನವೇ ಬಗೆಹರಿಸಿಕೊಳ್ಳಿ. ಅಂಗಡಿಯವನೇ ನಿನ್ನಿಂದ ಕೊಂಡು ತನ್ನ ಬಿಲ್ಲಿನಲ್ಲಿ ಮಾರುವುದು ಒಂದು ಬಗೆ; ನೀನೇ ಗಿರಾಕಿಗೆ ಬಿಲ್ ಹಾಕಿ ಅವನಿಗೆ ಕಮಿಷನ್ ಕೊಡುವುದು ಇನ್ನೊಂದು. ಎರಡನೆಯದು ಒಳ್ಳೆಯದು. ಮೊದಲನೆಯದರಲ್ಲಿ ಅವನು ಹಳೆಯ ಗಿರಾಕಿಗೆ ಉದ್ರಿ ಕೊಡುತ್ತಾನೆ, ಆ ಉದ್ರಿ ಸುತ್ತಿ ಬಂದು ನಿನ್ನ ತಲೆಯ ಮೇಲೆ ಕೂರುತ್ತದೆ. ಅರ್ಧ ಹಣ ಮುಂಗಡ, ನೇರ ನಿನ್ನ ಖಾತೆಗೆ, ಉಳಿದದ್ದು ಸೈಟು ತೆರೆದ ದಿನ. ಸೇವೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ತೆರಿಗೆಯ ಹೆಸರಿನಲ್ಲಿ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಆದಮೇಲೆ ಶೇ 18ರಂತೆ ಆ 15,000ಕ್ಕೆ 2,700 ಸೇರಿ 17,700 ಆಗುತ್ತದೆ. ಆ ಮೊತ್ತವನ್ನು ಕೊನೆಯಲ್ಲಿ ಹೇಳಬೇಡ, ಅಂಗಡಿಯಲ್ಲಿ ಇಡುವ ದರಪಟ್ಟಿಯಲ್ಲೇ ಇರಲಿ. ಗಲ್ಲಾದ ಮುಂದೆ ಒಂದು ಬೆಲೆ, ಬಿಲ್ಲಿನಲ್ಲಿ ಒಂದು ಬೆಲೆ ಎಂದರೆ ಮತ್ತೆ ಆ ಹಳೇ ವಾಕ್ಯವೇ: ನೀವು ಹೇಳಿದ್ರಲ್ಲಾ!

ಈಗ ನನಗೆ ಬಹಳ ಮುಖ್ಯ ಅನಿಸುವ ವಿಷಯ. ಸಣ್ಣ ಊರುಗಳಲ್ಲಿ ವೆಬ್‌ಸೈಟ್ ಕೆಲಸ ಕೆಡುವುದು ಕಟ್ಟುವಾಗ ಅಲ್ಲ, ಕಟ್ಟುವುದಕ್ಕೆ ಮುಂಚೆ. ಗಿರಾಕಿ ಮುಂಗಡ ಕೊಡುತ್ತಾನೆ, ಆಮೇಲೆ ಮ್ಯಾಟರ್ ಕೊಡುವುದಿಲ್ಲ. ಫೋಟೋ ನಾಳೆ ಕಳಿಸುತ್ತೇನೆ ಅನ್ನುತ್ತಾನೆ. ನಾಳೆ ಅವನಿಗೆ ಲೋಡ್ ಬಂದಿರುತ್ತದೆ, ನಾಡಿದ್ದು ಮದುವೆ, ಆಚೆ ನಾಡಿದ್ದು ಅಮಾವಾಸ್ಯೆ. ನೀನು ಕಾಯುತ್ತೀ, ಅವನು ನೀನೇ ತಡ ಮಾಡುತ್ತಿದ್ದೀ ಎಂದುಕೊಳ್ಳುತ್ತಾನೆ, ನಡುವೆ ಸಿಕ್ಕಿಕೊಂಡವನು ಅಂಗಡಿಯವನು. ಇದಕ್ಕೆ ನನಗೆ ಗೊತ್ತಿರುವ ಮದ್ದು ಪ್ರೆಸ್ಸಿನದೇ. ಬಿಲ್ ಬುಕ್ಕಿನ ಹಾಗೆ ನಂಬರ್ ಹಾಕಿದ, ಮೂರು ಪ್ರತಿಯ ಒಂದು ಆರ್ಡರ್ ಬುಕ್ ಮಾಡಿಸು. ಬಿಳಿ ಹಾಳೆ ಗಿರಾಕಿಗೆ, ಗುಲಾಬಿ ನಿನಗೆ, ಹಳದಿ ಬುಕ್ಕಿನಲ್ಲೇ ಉಳಿದು ಅಂಗಡಿಯವನಿಗೆ. ಅದರಲ್ಲಿ ಅಂಗಡಿಯ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯಬೇಕು, ಯಾವ ಫೋನು, ವಾರದ ರಜೆ ಯಾವತ್ತು, ಏನೇನು ಮಾರುತ್ತಾರೆ, ಎಷ್ಟು ಮುಂಗಡ, ಯಾವ ದಿನ ಫೋಟೋ ತೆಗೆಯಲು ಬರುತ್ತೀ, ಯಾವ ದಿನ ಸೈಟು ತೆರೆಯುತ್ತದೆ, ಇಷ್ಟು. ಕೆಳಗೆ ಗಿರಾಕಿಯ ಸಹಿ. ಈ ಮ್ಯಾಟರಿನಲ್ಲೇ ಸೈಟು ನಿಲ್ಲುತ್ತದೆ, ಬಾಕಿ ಬಂದಂತೆ ಸೇರಿಸುತ್ತೇವೆ ಎಂದು ಒಂದು ಸಾಲು ಅಚ್ಚಾಗಿರಲಿ. ಫೋಟೋಕ್ಕೆ ಅವನನ್ನು ಕಾಯಬೇಡ, ಮಧ್ಯಾಹ್ನ ಮೂರರ ಹೊತ್ತಿಗೆ, ಗಿರಾಕಿ ಕಡಿಮೆ ಇರುವಾಗ, ನೀನೇ ಹೋಗಿ ತೆಗೆದುಕೊಂಡು ಬಾ. ಗೋಡೆಯ ಮೇಲಿನ ಅಜ್ಜನ ಫೋಟೋ ಮತ್ತು ಹಾರ ಹಾಕಿದ ದೇವರ ಪಟವೂ ಒಂದು ಚಿತ್ರದಲ್ಲಿ ಬರಲಿ. ನಿನ್ನ ಡಿಸೈನಿಗೆ ಅದು ಹೊಂದದೇ ಇರಬಹುದು, ಆ ಚಿತ್ರವನ್ನೇ ಅವನು ತನ್ನ ಬೀಗರಿಗೆ ಕಳಿಸುವುದು.

ಪ್ರೆಸ್ಸಿನವರ ಜೊತೆ ಕೆಲಸ ಮಾಡುವಾಗ ಇನ್ನೊಂದು ತೊಡಕು ಕಾದಿರುತ್ತದೆ, ಈಗಲೇ ತಿಳಿದುಕೋ. ಗಿರಾಕಿಯ ಕನ್ನಡ ಮ್ಯಾಟರ್ ಡಿಟಿಪಿ ಹುಡುಗನ ಕೋರೆಲ್‌ಡ್ರಾ ಫೈಲಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ಅವರು ಟೈಪ್ ಮಾಡುವುದು ನುಡಿಯದೋ ಶ್ರೀಲಿಪಿಯದೋ ಹಳೆಯ ಆಸ್ಕಿ ಫಾಂಟಿನಲ್ಲಿ. ಅದನ್ನು ಹಾಗೇ ಎತ್ತಿ ಸೈಟಿನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಅಲ್ಲಲ್ಲಿ ಕೊಂಬು ಬಂದ ಚಿಹ್ನೆ, ಎಲ್ಲ ಕಲಸುಮೇಲೋಗರ. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ, ಬಳಸು. ಆಮೇಲೆ ಅರ್ಕಾವತ್ತು, ಒತ್ತಕ್ಷರ ಒಂದೊಂದನ್ನೂ ಕಣ್ಣಿಟ್ಟು ನೋಡು. ಅಂಗಡಿಗೆ ಮನೆದೇವರ ಹೆಸರಿಟ್ಟಿರುತ್ತಾರೆ. 'ವೀರಭದ್ರೇಶ್ವರ' ಎನ್ನುವಲ್ಲಿ ಒಂದು ಒತ್ತು ಹೋದರೆ ಅವರಿಗೆ ಅದು ಅಕ್ಷರದೋಷವಲ್ಲ, ಅಪಶಕುನ. ಡಿಟಿಪಿ ಹುಡುಗನಿಗೆ ಯೂನಿಕೋಡ್ ಕಲಿಸಿಬಿಟ್ಟರೆ ಇನ್ನೂ ಒಳ್ಳೆಯದು, ಅರ್ಧ ಕೆಲಸ ಅವನೇ ಮುಗಿಸಿ ಕೊಡುತ್ತಾನೆ. ನಿಜ ಹೇಳಬೇಕೆಂದರೆ ನಿನ್ನ ಮಾರಾಟವೂ ಮಾಲೀಕನಿಗಿಂತ ಹೆಚ್ಚಾಗಿ ಅವನ ಕೈಯಲ್ಲೇ ಇದೆ. ಪ್ರೂಫ್ ನೋಡಲು ಗಿರಾಕಿ ಕೂರುವುದು ಅವನ ಪಕ್ಕದ ಸ್ಟೂಲಿನ ಮೇಲೆ. ಕಾರ್ಡಿನಲ್ಲಿ ಈಮೇಲ್ ವಿಳಾಸದ ಕೆಳಗೆ ಖಾಲಿ ಜಾಗ ತೋರಿಸಿ, "ಇಲ್ಲಿ ವೆಬ್‌ಸೈಟ್ ಹಾಕೋಣೇನ್ರಿ?" ಎಂದು ಕೇಳುವವನು ಅವನು. ಅವನಿಗೂ ಒಂದು ಪಾಲು ಇರಲಿ. ಅದನ್ನು ಮಾಲೀಕನ ಎದುರಿಗೇ ಗೊತ್ತು ಮಾಡು, ಹಿಂದಿನಿಂದ ಕೊಟ್ಟೆಯೋ ಇಬ್ಬರನ್ನೂ ಕಳೆದುಕೊಳ್ಳುತ್ತೀ.

ಅಂಗಡಿ ಹಿಡಿದ ಮೇಲೆ ಮೊದಲ ಕೆಲಸವಾಗಿ ಆ ಅಂಗಡಿಯದೇ ವೆಬ್‌ಸೈಟ್ ಮಾಡಿಕೊಡು, ಪುಕ್ಕಟೆ. ಕರಪತ್ರದ ಕಟ್ಟು, ಸ್ಟ್ಯಾಂಡು, ಪೋಸ್ಟರು ತಂದು ಗಲ್ಲಾದ ಮೇಲೆ ಇಟ್ಟು ಹೋದವರದೆಲ್ಲ ಏನಾಯಿತು ಎಂದು ನನಗೆ ಗೊತ್ತು. ಬೆಲೆ ಲೆಕ್ಕ ಹಾಕಲು ಹಿಂಬದಿ ಚೆನ್ನಾಗಿತ್ತು. ಅಂಗಡಿಯವನ ಮೊಬೈಲಿನಲ್ಲಿ ಅವನದೇ ಸೈಟು ಇದ್ದರೆ ಅವನು ತೋರಿಸದೆ ಬಿಡುವುದಿಲ್ಲ. ತೋರಿಸುವಾಗ ಅದು ತಟ್ಟನೆ ತೆರೆಯಬೇಕು. ಓಡಾಡುವ ಬೊಂಬೆ, ಜಾರುವ ಚಿತ್ರ ಎಲ್ಲ ಬೇಡ. ಮುಟ್ಟಿದರೆ ಫೋನ್ ಹೋಗಬೇಕು, ಮುಟ್ಟಿದರೆ ವಾಟ್ಸ್ಆ್ಯಪ್ ತೆರೆಯಬೇಕು, ಮುಟ್ಟಿದರೆ ನಕ್ಷೆ ದಾರಿ ತೋರಿಸಬೇಕು. ಹರಪನಹಳ್ಳಿ ಕಡೆಯಿಂದ ಬೋರ್‌ವೆಲ್ ಮೋಟಾರಿಗೆ ಬರುವ ರೈತನಿಗೆ ಇಷ್ಟು ಸಾಕು.

"ಗೂಗಲ್‌ನಲ್ಲಿ ಪುಕ್ಕಟೆ ಸಿಗ್ತದಲ್ಲಪ್ಪಾ" ಎನ್ನುವ ಗಿರಾಕಿ ಖಂಡಿತ ಬರುತ್ತಾನೆ. ಅವನ ಜೊತೆ ವಾದ ಮಾಡಬೇಡ. ನಕ್ಷೆಯಲ್ಲಿ ಅಂಗಡಿಯ ಹೆಸರು ಹಾಕುವುದು ಪುಕ್ಕಟೆಯೇ, ಅದನ್ನು ನೀನೇ ಮಾಡಿಕೊಡು, ಅದಕ್ಕೆ ಹಣ ತೆಗೆದುಕೊಳ್ಳಬೇಡ. ಆಮೇಲೆ ನಡೆದದ್ದನ್ನು ಹೇಳು. 2011ರಲ್ಲಿ ಗೂಗಲ್ ನಮ್ಮ ದೇಶದ ಸಣ್ಣ ವ್ಯಾಪಾರಿಗಳಿಗೆ ಒಂದು ವರ್ಷ ಉಚಿತ ವೆಬ್‌ಸೈಟ್ ಎಂಬ ಯೋಜನೆ ತಂದಿತ್ತು. ಒಂದು ವರ್ಷದ ನಂತರ ನವೀಕರಣದ ಖರ್ಚು ವ್ಯಾಪಾರಿಯದೇ. ಆಮೇಲೆ ಅಂಗಡಿಯ ಗೂಗಲ್ ಪ್ರೊಫೈಲಿನಿಂದಲೇ ಒಂದು ಪುಟ್ಟ ಸೈಟು ಮಾಡಿಕೊಳ್ಳುವ ಸೌಲಭ್ಯ ಬಂತು, ಬಹಳ ಮಂದಿ ಕಾರ್ಡಿನಲ್ಲೂ ಬೋರ್ಡಿನಲ್ಲೂ ಆ ವಿಳಾಸ ಹಾಕಿಸಿಕೊಂಡರು. 2024ರ ಮಾರ್ಚಿನಲ್ಲಿ ಆ ಸೈಟುಗಳೆಲ್ಲ ಒಟ್ಟಿಗೆ ಬಂದ್ ಆದವು. ಯಾರ ತಪ್ಪೂ ಇಲ್ಲ, ಕೊಟ್ಟವನು ವಾಪಸ್ ತೆಗೆದುಕೊಂಡ. ಕಾರ್ಡು ಮಾತ್ರ ಮತ್ತೆ ಅಚ್ಚಾಗಬೇಕಾಯಿತು.

ಇದನ್ನು ಹೇಳಿದ ಬಾಯಲ್ಲಿ ನೀನೂ ಅದೇ ಕೆಲಸ ಮಾಡಬಾರದು. ಡೊಮೇನ್ ಗಿರಾಕಿಯ ಹೆಸರಿನಲ್ಲೇ ಇರಲಿ, ಅವನ ಫೋನು, ಅವನ ಈಮೇಲು. ನಿನ್ನ ಹೆಸರಿನಲ್ಲಿ ಇಟ್ಟುಕೊಂಡರೆ ಗಿರಾಕಿ ಬಿಟ್ಟುಹೋಗುವುದಿಲ್ಲ ಎಂದು ನಿನ್ನ ಓರಗೆಯವರು ಹೇಳಿಕೊಡುತ್ತಾರೆ. ಹಾಗೆ ಕಟ್ಟಿಹಾಕಿದ ಗಿರಾಕಿ ಬಿಡಿಸಿಕೊಳ್ಳಲು ಬರುವುದು ನಿನ್ನಲ್ಲಿಗಲ್ಲ, ಆ ಅಂಗಡಿಯವನಲ್ಲಿಗೆ. ಡೊಮೇನನ್ನು ಒಂದೇ ಸಲಕ್ಕೆ ಹತ್ತು ವರ್ಷದವರೆಗೂ ನೋಂದಾಯಿಸಬಹುದು. ಮೂರು ವರ್ಷಕ್ಕೆ ಹಣ ಕಟ್ಟಿಸಿಬಿಡು, ತಾರೀಕು ಮರೆತು ಹೆಸರು ಬೇರೆಯವರ ಪಾಲಾಗುವ ಅಪಾಯ ಅಷ್ಟು ದೂರ ಹೋಯಿತು. ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಕೊಟ್ಟು, ಬೀಗದಕೈ ಇಡುವಲ್ಲಿ ಇಡಿ ಅನ್ನು. ಅಂತೂ ಅವರು ಕಳೆದುಕೊಳ್ಳುತ್ತಾರೆ, ಆದರೂ ಕೊಡು.

"ಗೂಗಲ್‌ನಲ್ಲಿ ನಂಬರ್ ಒನ್ ಬರ್ತದೆ" ಎಂದು ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತು. ಅಂಗಡಿಯವನು ಉತ್ಸಾಹದಲ್ಲಿ ಹೇಳಿಬಿಡುತ್ತಾನೆ. ಅವನಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ನಾಲ್ಕು ಸಾಲು ಬರೆದು ಗಲ್ಲಾದ ಒಳಬದಿಗೆ ಅಂಟಿಸಿ ಬಾ.

ವ್ಯಾಪಾರ ಕುದುರಿದ ಮೇಲೆ ಅಂಗಡಿಯವನು ಒಂದು ದಿನ ಕೇಳುತ್ತಾನೆ: ಈ ಊರಲ್ಲಿ ಇನ್ಯಾರಿಗೂ ಕೊಡಬೇಡ, ನನಗೊಬ್ಬನಿಗೇ ಕೊಡು. ಊರು ಪೂರ್ತಿ ಕೊಡಬೇಡ. ಪೇಟೆ ಕೊಡು, ಅವಧಿ ಹಾಕಿ ಕೊಡು. ಚೌಕಿಪೇಟೆ ನಿಮ್ಮದು, ಒಂದು ವರ್ಷ, ಇಷ್ಟು ಆರ್ಡರು ಬಂದರೆ ಮುಂದಿನ ವರ್ಷವೂ ನಿಮ್ಮದೇ ಎಂದು. ಮಂಡಿಪೇಟೆಗೆ ಬೇರೊಬ್ಬ ಇರಲಿ. ಇಬ್ಬರಿಗೂ ಒಂದೇ ದರಪಟ್ಟಿ. ಇವನಲ್ಲಿ ಐನೂರು ಕಡಿಮೆ ಎಂದು ಗಿರಾಕಿಗೆ ಗೊತ್ತಾದ ದಿನ ಇಬ್ಬರೂ ನಿನ್ನನ್ನು ಬಿಡುತ್ತಾರೆ.

ಇನ್ನು, ಗಿರಾಕಿ ಒಮ್ಮೆ ಪರಿಚಯವಾದ ಮೇಲೆ ನೇರ ನಿನಗೇ ಫೋನ್ ಮಾಡುತ್ತಾನೆ. ತಮ್ಮನ ಅಂಗಡಿಗೂ ಒಂದು ಮಾಡಿಕೊಡು, ನಡುವೆ ಅವರ್ಯಾಕೆ, ಸ್ವಲ್ಪ ಕಡಿಮೆ ಮಾಡು ಅನ್ನುತ್ತಾನೆ. ಇಲ್ಲಿ ಎಲ್ಲರೂ ಜಾರುತ್ತಾರೆ. ಮೊದಲ ಗಿರಾಕಿಯಿಂದ ಬಂದ ಗಿರಾಕಿಗೂ ಒಂದು ವರ್ಷದವರೆಗೆ ಅಂಗಡಿಯವನಿಗೆ ಪಾಲು ಎಂದು ಕರಾರಿನಲ್ಲೇ ಬರೆ, ಅವನಿಗೆ ಗೊತ್ತೇ ಇಲ್ಲದ ಆರ್ಡರಿನ ಹಣವನ್ನೂ ಐದನೇ ತಾರೀಕಿನ ಚೀಟಿಯಲ್ಲಿ ಸೇರಿಸಿ ಕಳಿಸು. ಅವನ ಗಿರಾಕಿಗಳ ಫೋನ್ ನಂಬರಿನ ಪಟ್ಟಿಯನ್ನು ಮಾತ್ರ ಯಾವತ್ತೂ ಕೇಳಬೇಡ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾಯ್ದೆ ಇರಲಿ ಬಿಡು, ಅಂಗಡಿಯವನ ಪಾಲಿಗೆ ಆ ಪಟ್ಟಿಯೇ ಆಸ್ತಿ. ಅದನ್ನು ಕೇಳಿದವನನ್ನು ನಾನು ಎರಡನೇ ಸಲ ಒಳಗೆ ಬಿಟ್ಟಿಲ್ಲ.

ಯಾವಾಗ ಶುರು ಮಾಡಲಿ ಎಂದೆಯಲ್ಲ, ಆಷಾಢದಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಪತ್ರಿಕೆಯ ಕೆಲಸ ಇಲ್ಲ, ಪ್ರೆಸ್ಸಿನವನು ನೊಣ ಹೊಡೆಯುತ್ತ ಕೂತಿರುತ್ತಾನೆ. ನಿನ್ನ ಮಾತು ಕೇಳಲು ಅವನಿಗೆ ಪುರುಸೊತ್ತು ಇರುವುದು ಆಗ ಮಾತ್ರ. ಅವನ ಸೈಟು ಮಾಡಿಕೊಟ್ಟು, ಹುಡುಗನಿಗೆ ಕಲಿಸಿ ಮುಗಿಸುವಷ್ಟರಲ್ಲಿ ಶ್ರಾವಣ ಬರುತ್ತದೆ, ಹೊಸ ಅಂಗಡಿಗಳ ಪೂಜೆಗಳು ಶುರುವಾಗುತ್ತವೆ. ನಮ್ಮ ಕಡೆ ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಕೀರ್ದಿ ಖಾತೆ ಇಡುವ ವ್ಯಾಪಾರಿಗಳು ಇನ್ನೂ ಇದ್ದಾರೆ, ಅವರೆಲ್ಲ ಒಂದು ತಿಂಗಳು ಮೊದಲೇ ಪ್ರೆಸ್ಸಿನ ಕಡೆ ಬಂದು ಹೋಗುತ್ತಾರೆ. ಮೊದಲ ವರ್ಷ ಎರಡು ಅಂಗಡಿ ಸಾಕು, ಮೂರನೆಯದು ಬೇಡ. ಹೋದ ದಿನ ಪಾಲುದಾರಿಕೆಯ ಸುದ್ದಿ ಎತ್ತಲೇಬೇಡ. ಆ ಮೂರು ಪ್ರತಿಯ ಆರ್ಡರ್ ಬುಕ್ ಹೇಳಿದೆನಲ್ಲ, ಅದನ್ನು ಅಚ್ಚು ಹಾಕಿಸಲು ಗಿರಾಕಿಯಾಗಿಯೇ ಹೋಗು. ಪ್ರೂಫ್ ನೋಡುವಾಗ ಅವನೇ ಕೇಳುತ್ತಾನೆ, ಇದು ಏನು ವ್ಯಾಪಾರ ತಮ್ಮಾ ಎಂದು. ಬಿಲ್ಲಿನ ಹಣ ಅಲ್ಲೇ ಎಣಿಸಿಕೊಡು, ಚೌಕಾಸಿ ಮಾಡಬೇಡ.